ವಿಜಯಪುರದ ಬಿಸಿಲಿಗೆ ಹೊಂದುವ ಮಿನಿಯೇಚರ್ ಮಾಡೆಲ್ ಕಿಟ್

ಬಿಡಿಭಾಗ ಅಂಟಿಸಿ ಬಣ್ಣ ಹಚ್ಚುವ ಪುಟ್ಟ ಮಾದರಿಗಳ ಕಿಟ್ ಜೋಡಿಸುವವರು ಮೊದಲ ದುಡ್ಡನ್ನು ಒಳ್ಳೆಯ ನಿಪ್ಪರ್‌ಗೆ (ಪ್ಲಾಸ್ಟಿಕ್ ಕತ್ತರಿಸುವ ಸಣ್ಣ ಇಕ್ಕಳಕ್ಕೆ) ಹಾಕಿ. ಬಿಡಿಭಾಗವನ್ನು ಅದು ಅಂಟಿಕೊಂಡು ಬರುವ ಫ್ರೇಮಿನಿಂದ ಎರಡು ಸಲ ಕತ್ತರಿಸಬೇಕು: ಮೊದಲು 2-3 ಮಿ.ಮೀ. ದೂರದಲ್ಲಿ, ಆಮೇಲೆ ಹತ್ತಿರ. ಒಂದೇ ಏಟಿಗೆ ಕತ್ತರಿಸಿದರೆ ಪ್ಲಾಸ್ಟಿಕ್ ಬಿಳಿಚಿಕೊಂಡು ಕಿತ್ತು ಬರುತ್ತದೆ. ಉಳಿದ ಗಂಟಿಗೆ 400, ಆಮೇಲೆ 800 ಗ್ರಿಟ್ ವಾಟರ್ ಪೇಪರ್ ಸಾಕು.

ಪಾಲಿಸ್ಟೈರೀನ್‌ಗೆ (ಕಿಟ್‌ಗಳ ಸಾಮಾನ್ಯ ಪ್ಲಾಸ್ಟಿಕ್‌ಗೆ) ಪ್ಲಾಸ್ಟಿಕ್ ಸಿಮೆಂಟ್ ಎಂಬ ಅಂಟು ಬಳಸಿ, ಅದು ಮೇಲ್ಮೈ ಕರಗಿಸಿ ಬೆಸೆಯುತ್ತದೆ. ರೆಸಿನ್, ಲೋಹಕ್ಕೆ ಸೂಪರ್ ಗ್ಲೂ.

ನಮ್ಮ ಕಡೆ ನಿಜವಾದ ತೊಡಕು ಬಣ್ಣದ್ದು. ಏಪ್ರಿಲ್, ಮೇ ತಿಂಗಳ ಒಣ ಬಿಸಿಲಿಗೆ ಅಕ್ರಿಲಿಕ್ ಬಣ್ಣ ಬ್ರಷ್ ಎತ್ತುವಷ್ಟರಲ್ಲೇ ಗಟ್ಟಿಯಾಗುತ್ತದೆ. ಇದಕ್ಕೆ ಬಣ್ಣವನ್ನು ಹಸಿಯಾಗಿಡುವ ವೆಟ್ ಪ್ಯಾಲೆಟ್ ಬೇಕು, ಆದರೆ ಕೊಳ್ಳಲೇಬೇಕೆಂದಿಲ್ಲ: ಚಪ್ಪಟೆ ಟಿಫಿನ್ ಡಬ್ಬಿ, ತೆಳು ಒದ್ದೆ ಸ್ಪಂಜು, ಮೇಲೊಂದು ಬೇಕಿಂಗ್ ಪೇಪರ್. ಮುಚ್ಚಳ ಹಾಕಿಟ್ಟರೆ ಬಣ್ಣ ಮರುದಿನಕ್ಕೂ ಬರುತ್ತದೆ. ಬಣ್ಣಕ್ಕೆ ಬೋರ್‌ವೆಲ್ ನೀರು ಬೇಡ, ಗಡಸು ನೀರು ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತದೆ. ಆರ್‌ಓ ನೀರು ಬಳಸಿ.

ಬಣ್ಣಕ್ಕೂ ಮೊದಲು ಹೊಡೆಯುವ ತಳಲೇಪ, ಅಂದರೆ ಪ್ರೈಮರ್ ಸ್ಪ್ರೇ, ಮುಂಜಾನೆ ಮಾತ್ರ, 20-25 ಸೆಂ.ಮೀ. ದೂರದಿಂದ, ತೆಳುವಾಗಿ ಎರಡು ಸಲ. ಮಟಮಟ ಮಧ್ಯಾಹ್ನ ಹೊಡೆದರೆ ಹನಿ ಗಾಳಿಯಲ್ಲೇ ಒಣಗಿ ಮಾಡೆಲ್ ಮೇಲೆ ರವೆಯಂತೆ ಕೂರುತ್ತದೆ. ಬ್ರಷ್‌ನಲ್ಲಿ 2 ಮತ್ತು 0 ಸೈಜು ಸಾಕು. ಬಣ್ಣ ಬ್ರಷ್ ಕೂದಲು ಹಿಡಿದಿಡುವ ಲೋಹದ ಕಟ್ಟಿನೊಳಗೆ ಇಳಿಯದಿರಲಿ, ಇಳಿದರೆ ತುದಿ ಕವಲೊಡೆಯುತ್ತದೆ.