ಗಡಿ ಯುದ್ಧದ ದಾಳಿಯಲ್ಲಿ ಸತ್ತ ನಾಗರಿಕರ ಲೆಕ್ಕ ಇಡುವ ಬಗೆ

ದಾಳಿ ಶುರುವಾದ ವಾರದೊಳಗೆ ಎರಡೂ ಕಡೆಯ ಸರ್ಕಾರಗಳು ಸಾವಿನ ಸಂಖ್ಯೆ ಹೇಳಿಬಿಡುತ್ತವೆ. ಎರಡನ್ನೂ ಕೂಡಿ ಸರಾಸರಿ ತೆಗೆಯುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಬೋಸ್ನಿಯಾ ಯುದ್ಧದಲ್ಲಿ ಸತ್ತವರು 2 ಲಕ್ಷಕ್ಕೂ ಹೆಚ್ಚು ಎಂಬ ಮಾತು ವರ್ಷಗಟ್ಟಲೆ ಓಡಾಡಿತು. ಅಲ್ಲಿನ ರಾಜಧಾನಿ ಸರಾಯೆವೊದ ಸಂಶೋಧಕರು ಹೆಸರು ಹಿಡಿದು ಎಣಿಸಿ 2007ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿದ್ದದ್ದು ಸುಮಾರು 97 ಸಾವಿರ ಹೆಸರು, ಅದೂ ಸೈನಿಕರನ್ನು ಸೇರಿಸಿ. ಇಲ್ಲಿ ಉದಾಹರಣೆಗೆ 1998–2000ರ ಇಥಿಯೋಪಿಯಾ–ಎರಿಟ್ರಿಯಾ ಯುದ್ಧವನ್ನು ಇಟ್ಟುಕೊಂಡಿದ್ದೇವೆ. ಲೆಕ್ಕ ತಪ್ಪಿಸುವ ಎಲ್ಲ ಕೊಕ್ಕೆಗಳೂ ಅಲ್ಲಿವೆ.

ಮೊದಲು ಎರಡು ಹಾಳೆ ಮಾಡಿ. ಒಂದರಲ್ಲಿ ಘಟನೆಗೊಂದು ಸಾಲು: ದಿನಾಂಕ, ಹೊತ್ತು, ಊರು, ಆಯುಧ, ಸತ್ತವರ ಕನಿಷ್ಠ ಮತ್ತು ಗರಿಷ್ಠ ಸಂಖ್ಯೆ, ಗಾಯಾಳುಗಳು, ಮೂಲಗಳು. ಇನ್ನೊಂದರಲ್ಲಿ ಮನುಷ್ಯನಿಗೊಂದು ಸಾಲು. ಘಟನೆಯ ಕ್ರಮಸಂಖ್ಯೆ ಎರಡನ್ನೂ ಬೆಸೆಯುತ್ತದೆ. ಹೆಸರು ಸಿಗದ ಸಾವುಗಳು ಮೊದಲ ಹಾಳೆಯಲ್ಲಿ ಸಂಖ್ಯೆಯಾಗಿ ಉಳಿಯಲಿ. ಎರಡನೆಯದರಲ್ಲಿ ‘ಅಪರಿಚಿತ’ ಎಂದು ಸಾಲು ತುಂಬಿದರೆ, ಮುಂದೆ ಹೆಸರು ಸಿಕ್ಕಾಗ ಅದೇ ವ್ಯಕ್ತಿ ಎರಡು ಸಲ ಸತ್ತಿರುತ್ತಾನೆ.

ಹೆಚ್ಚು ಎಡವುವುದು ದಿನಾಂಕದಲ್ಲಿ. ಇಥಿಯೋಪಿಯಾದ ಮೆಕೆಲೆ ಪಟ್ಟಣದ ಐದೆರ್ ಬಡಾವಣೆಯ ಶಾಲೆಯ ಮೇಲೆ ಎರಿಟ್ರಿಯಾದ ವಿಮಾನಗಳು ಗೊಂಚಲು ಬಾಂಬ್ (ಒಂದರೊಳಗಿಂದ ಹಲವು ಸಣ್ಣ ಬಾಂಬ್ ಚದುರುವಂಥದ್ದು) ಹಾಕಿದ್ದು 1998ರ ಜೂನ್ 5ರಂದು. ಇಥಿಯೋಪಿಯಾದ ಪಂಚಾಂಗದಲ್ಲಿ ಅದು 1990ನೇ ಇಸವಿಯ ಗಿನ್ಬೊಟ್ 28. ಎರಿಟ್ರಿಯಾದ ಸರ್ಕಾರಿ ಕಾಗದಗಳಲ್ಲಿ ನಮಗೆ ಗೊತ್ತಿರುವ ಇಸವಿಯೇ ಇರುತ್ತದೆ. ಗಂಟೆಯ ಗೊಂದಲ ಬೇರೆ: ಇಥಿಯೋಪಿಯಾದಲ್ಲಿ ಹಗಲಿನ ಗಂಟೆ ಸೂರ್ಯೋದಯದಿಂದ ಶುರು, ಸಾಕ್ಷಿಯೊಬ್ಬರು ‘ಹಗಲು 3 ಗಂಟೆ’ ಎಂದರೆ ಬೆಳಿಗ್ಗೆ 9 ಎಂದರ್ಥ. ಇದು ತಿಳಿಯದೆ ಹೋದರೆ ಒಂದೇ ಬಾಂಬ್ ದಾಳಿ ನಿಮ್ಮ ಹಾಳೆಯಲ್ಲಿ ಎರಡಾಗುತ್ತದೆ. ಹೇಳಿದ್ದನ್ನು ಹೇಳಿದಂತೆಯೇ ಒಂದು ಅಂಕಣದಲ್ಲಿ ಬರೆದು, ಪರಿವರ್ತಿಸಿದ್ದನ್ನು ಪಕ್ಕದ ಅಂಕಣದಲ್ಲಿ ಹಾಕಿ.

ಹೆಸರಿನದೂ ಇಂಥದ್ದೇ ತೊಂದರೆ. ಅಲ್ಲಿ ಮನೆತನದ ಹೆಸರಿಲ್ಲ. ತನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ಅಷ್ಟೇ. ಎರಡನ್ನು ಮಾತ್ರ ಬರೆದುಕೊಂಡರೆ ಒಂದೇ ಹಳ್ಳಿಯ ಇಬ್ಬರು ಒಬ್ಬರಾಗುತ್ತಾರೆ. ಮೂರೂ ಬೇಕು, ಜೊತೆಗೆ ವಯಸ್ಸು ಮತ್ತು ಹಳ್ಳಿ. ಸ್ಥಳೀಯ ಲಿಪಿಯಲ್ಲಿರುವ ಕಾಗುಣಿತವನ್ನು ಉಳಿಸಿಕೊಳ್ಳಿ.

ನಾಗರಿಕ ಯಾರು? ಮೂರು ಅಂಕಣ ಇಡಿ: ನಾಗರಿಕ, ಹೋರಾಟಗಾರ, ಗೊತ್ತಾಗಿಲ್ಲ. ಗಂಡಸು, ಪ್ರಾಯದವನು ಎಂಬ ಕಾರಣಕ್ಕೆ ಯಾರನ್ನೂ ಹೋರಾಟಗಾರರ ಅಂಕಣಕ್ಕೆ ತಳ್ಳಬೇಡಿ. ಗಡಿ ಹಳ್ಳಿಗಳಲ್ಲಿ ಬಂದೂಕು ಹಿಡಿದ ಊರ ಮಿಲಿಷಿಯಾ ಇರುವುದರಿಂದ ಮೂರನೇ ಅಂಕಣ ದೊಡ್ಡದಾಗಿಯೇ ಇರುತ್ತದೆ. ಅದನ್ನು ಖಾಲಿ ಮಾಡುವ ಅವಸರ ಬೇಡ.

ಮೂಲ ಕನಿಷ್ಠ ಎರಡಾದರೂ ಇರಲಿ, ಒಂದರಿಂದ ಇನ್ನೊಂದು ನಕಲಾಗಿರಬಾರದು. ಒಂದೇ ಸುದ್ದಿಸಂಸ್ಥೆಯ ವರದಿಯನ್ನು ಹತ್ತು ಪತ್ರಿಕೆ ಹಾಕಿದರೂ ಅದು ಒಂದೇ ಮೂಲ. ಆಸ್ಪತ್ರೆಯ ದಾಖಲೆ, ಸಮಾಧಿ ಸ್ಥಳದ ಪಟ್ಟಿ, ಮನೆಯವರ ಹೇಳಿಕೆ: ಈ ಮೂರೂ ಬೇರೆ ಬೇರೆ ದಾರಿಯಿಂದ ಬರುತ್ತವೆ, ಹಾಗಾಗಿ ಬೆಲೆಯುಳ್ಳವು. ಐದೆರ್ ಪ್ರಕರಣದಲ್ಲಿ ಎರಡು ದೇಶಗಳ ಪರಿಹಾರ ಹಕ್ಕು ಆಯೋಗ 2004ರ ತೀರ್ಪಿನಲ್ಲಿ ದಾಖಲಿಸಿದ್ದು 53 ಸಾವು, ಅದರಲ್ಲಿ 12 ಮಕ್ಕಳು, ಗಾಯಾಳುಗಳು 185. ಶಾಲೆಗೆ ಬೇಕೆಂದೇ ಗುರಿಯಿಟ್ಟರು ಎಂಬುದನ್ನು ಆಯೋಗ ಒಪ್ಪಲಿಲ್ಲ, ಎಚ್ಚರ ವಹಿಸದ್ದಕ್ಕೆ ಎರಿಟ್ರಿಯಾವನ್ನು ಹೊಣೆ ಮಾಡಿತು. ಅದಕ್ಕೇ ‘ಉದ್ದೇಶ’ ಎಂಬ ಅಂಕಣವನ್ನು ಎಣಿಕೆಯ ಹಾಳೆಯಲ್ಲಿ ಇಡಬಾರದು. ಅದು ನ್ಯಾಯಾಲಯದ ಕೆಲಸ.

ಬಾಂಬಿನಿಂದಲ್ಲದೆ ಬೇರೆ ಕಾರಣಕ್ಕೆ ಸತ್ತವರ ಲೆಕ್ಕ ಬೇರೆ ಹಾಳೆಯಲ್ಲಿರಲಿ. 2000ದ ಮೇ 12ರಂದು ಇಥಿಯೋಪಿಯಾದ ದೊಡ್ಡ ದಾಳಿ ಶುರುವಾದಾಗ ಎರಿಟ್ರಿಯಾದ ಪಶ್ಚಿಮದ ಊರುಗಳಿಂದ ಜನ ಗುಳೆ ಎದ್ದರು. ಹೀಗೆ ಓಡುವಾಗ, ಶಿಬಿರದಲ್ಲಿ, ನೀರು–ಔಷಧಿ ಇಲ್ಲದೆ ಆಗುವ ಸಾವು ಯುದ್ಧದ್ದೇ, ಆದರೆ ಅದನ್ನು ಹೆಸರು ಹಿಡಿದು ಹಿಡಿಯುವುದು ಕಷ್ಟ. ಮನೆ–ಮನೆ ಸಮೀಕ್ಷೆಯಿಂದ ಅಂದಾಜು ಮಾಡಬೇಕು. ಎರಡನ್ನೂ ಕೂಡಿಸಿ ಒಂದೇ ಮೊತ್ತ ಹೇಳಿದರೆ ಯಾರಿಗೂ ಪರಿಶೀಲಿಸಲು ಬರುವುದಿಲ್ಲ. ಕದನವಿರಾಮದ ನಂತರ ನೆಲಬಾಂಬ್ ತುಳಿದು ಸತ್ತವರಿಗೂ ಪ್ರತ್ಯೇಕ ಗುರುತು ಹಾಕಿ.

ಪಟ್ಟಿಯ ಹೊರಗೆ ಎಷ್ಟು ಜನ ಉಳಿದಿರಬಹುದು ಎಂದು ತಿಳಿಯಲು ಎರಡು ಪಟ್ಟಿಗಳನ್ನು ತಾಳೆ ಹಾಕಬಹುದು. ಒಂದರಲ್ಲಿ 120 ಹೆಸರು, ಇನ್ನೊಂದರಲ್ಲಿ 100, ಎರಡರಲ್ಲೂ ಇರುವವು 60 ಎನ್ನಿ. 120ನ್ನು 100ರಿಂದ ಗುಣಿಸಿ 60ರಿಂದ ಭಾಗಿಸಿದರೆ ಅಂದಾಜು 200. ಹೆಸರು ಸಿಕ್ಕಿದ್ದು 160, ಬಿಟ್ಟುಹೋದವರು 40ರ ಆಸುಪಾಸು. ಒಂದು ಪಟ್ಟಿ ಇನ್ನೊಂದನ್ನು ನೋಡಿ ಬರೆದದ್ದಾದರೆ ಈ ಲೆಕ್ಕ ಕಡಿಮೆ ಬರುತ್ತದೆ. ಒಂದು ಪಟ್ಟಣದ್ದು, ಇನ್ನೊಂದು ಹಳ್ಳಿಗಳದ್ದು ಆದರೆ ವಿಪರೀತ ಹೆಚ್ಚುತ್ತದೆ. ಎರಡಕ್ಕಿಂತ ಹೆಚ್ಚು ಪಟ್ಟಿ ಸಿಕ್ಕರೆ ಸಂಖ್ಯಾಶಾಸ್ತ್ರ ಬಲ್ಲವರ ಕೈಗೆ ಕೊಡಿ.

ಸಾಕ್ಷಿಗಳ ಹೆಸರು, ಫೋನ್ ಈ ಹಾಳೆಗಳಲ್ಲಿ ಬರಲೇಬಾರದು. ಸಂಕೇತ ಸಂಖ್ಯೆ ಕೊಟ್ಟು, ಅದರ ಕೀಲಿಯನ್ನು ಬೇರೆ ಕಡೆ, ಬೀಗ ಹಾಕಿ ಇಡಿ. ಸತ್ತನೆಂದು ಬರೆದವನು ಶಿಬಿರದಲ್ಲಿ ಬದುಕಿರುವುದು ತಿಳಿದುಬಂದರೆ ಸಾಲನ್ನು ಅಳಿಸಬೇಡಿ. ‘ರದ್ದು’ ಎಂದು ಗುರುತಿಸಿ, ದಿನಾಂಕ ಮತ್ತು ಕಾರಣ ಬರೆದು, ಮೊತ್ತದಿಂದ ಮಾತ್ರ ಕಳೆಯಿರಿ.