ಚರ್ಮದ ಪಸೆ ಅಳೆಯುವ ಪೆನ್ನು: ಎಲ್ಲಿ, ಯಾವಾಗ ಒತ್ತಬೇಕು?

ಸ್ನಾನ ಮುಗಿಸಿ ಬಂದವಳೇ ಹೊಸ ಮಾಯಿಶ್ಚರ್ ಮೀಟರನ್ನು ಮುಂಗೈಗೆ ಒತ್ತಿದೆ. 52 ಬಂತು. ಪರವಾಗಿಲ್ವೇ ಅಂದುಕೊಂಡೆ. ಅರ್ಧ ಗಂಟೆ ಬಿಟ್ಟು ಒತ್ತಿದರೆ 36! ಮೀಟರ್ ಸರಿಯಾಗಿಯೇ ಇತ್ತು, ನಾನು ಒತ್ತಿದ ಹೊತ್ತು ಸರಿ ಇರಲಿಲ್ಲ.

ಪೆನ್ನಿನಂಥ ಈ ಮೀಟರ್‌ಗಳ ತುದಿಯಲ್ಲಿ ಲೋಹದ ಚುಕ್ಕೆಗಳಿರುತ್ತವೆ. ಅವು ಚರ್ಮದ ಮೂಲಕ ತೀರಾ ಸಣ್ಣ ಕರೆಂಟ್ ಹಾಯಿಸುತ್ತವೆ. ನೀರು ಜಾಸ್ತಿ ಇದ್ದರೆ ಕರೆಂಟ್ ಸಲೀಸಾಗಿ ಹರಿಯುತ್ತದೆ, ಅಂಕಿ ಏರುತ್ತದೆ. ಬೆವರಿನ ಉಪ್ಪಿನಿಂದಲೂ ಏರುತ್ತದೆ ಅನ್ನುವುದೇ ತಲೆನೋವು. ಚರ್ಮದ ಲ್ಯಾಬ್‌ಗಳಲ್ಲಿ ಬಳಸುವ ಜರ್ಮನಿಯ ಕಾರ್ನಿಯೋಮೀಟರ್ ಸಹ ನೋಡುವುದು ಮೇಲಿನ ತೆಳು ಪದರವನ್ನಷ್ಟೇ. ಹಾಗಾಗಿ ನೀವು ಎಷ್ಟು ಲೋಟ ನೀರು ಕುಡಿದಿರಿ ಎಂದು ಈ ಪೆನ್ನು ಹೇಳುವುದಿಲ್ಲ.

ಮೊದಲು ತಯಾರಿ. ಹಿಂದಿನ ರಾತ್ರಿಯಿಂದ ಆ ಜಾಗಕ್ಕೆ ಕ್ರೀಮು, ಎಣ್ಣೆ ಏನೂ ಬೇಡ (ಕ್ರೀಮನ್ನೇ ಪರೀಕ್ಷಿಸುವಾಗ ಬಿಟ್ಟು). ಅಳೆಯುವ ಮುಂಚೆ ಅಂಗಿಯ ತೋಳು ಮಡಚಿ, ಒಂದೇ ಕೋಣೆಯಲ್ಲಿ 20–30 ನಿಮಿಷ ಸುಮ್ನೆ ಕೂರಿ. ಫ್ಯಾನ್ ಗಾಳಿ ನೇರವಾಗಿ ಬೀಳಬಾರದು, ಬಿಸಿ ಕಾಫಿ ಆಮೇಲೆ. ಲ್ಯಾಬಿನವರು ಕೋಣೆಯನ್ನು 20–22 ಡಿಗ್ರಿಯಲ್ಲಿ ಇಡುತ್ತಾರೆ. ನಮ್ಮ ಮನೆಗಳಲ್ಲಿ ಅದು ಆಗದ ಮಾತು, ದಿನಾ ಒಂದೇ ಹೊತ್ತಿಗೆ ಅಳೆದರೆ ಸಾಕು. ಮಂಗಳೂರಿನ ಸೆಖೆಯಲ್ಲಿ ಬಂದ ಅಂಕಿಯನ್ನು ವಿಜಯಪುರದ ಚಳಿಗಾಲದ ಅಂಕಿಯ ಪಕ್ಕ ಇಡಬೇಡಿ.

ಜಾಗ ಮುಂಗೈಯ ಒಳಬದಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ. ಅಲ್ಲಿ ಕೂದಲು ಕಡಿಮೆ. ಬಾಲ್‌ಪೆನ್ನಿನಲ್ಲಿ ಸಣ್ಣ ಚೌಕ ಗುರುತು ಹಾಕಿಕೊಳ್ಳಿ.

ತುದಿಯನ್ನು ಒಣಬಟ್ಟೆಯಲ್ಲಿ ಒರೆಸಿ, ನೆಟ್ಟಗೆ ಹಿಡಿದು ಒತ್ತಿ. ಬೀಪ್ ಬಂದ ಕೂಡಲೇ ಎತ್ತಿ. ಒತ್ತಿಕೊಂಡೇ ಇದ್ದರೆ ಅಡಿಯಲ್ಲಿ ಪಸೆ ಕಟ್ಟಿಕೊಂಡು ಅಂಕಿ ಏರುತ್ತದೆ. ಅದಕ್ಕೇ ಮುಂದಿನ ಸಲ ಚೌಕದೊಳಗೇ ಸ್ವಲ್ಪ ಪಕ್ಕಕ್ಕೆ ಸರಿಸಿ. ಹೀಗೆ ಐದು ಸಲ ಅಳೆದು ಸರಾಸರಿ ಬರೆದಿಡಿ.

ಪರದೆಯಲ್ಲಿ 40% ಎಂದರೆ ಚರ್ಮದಲ್ಲಿ ನೂರಕ್ಕೆ ನಲವತ್ತು ಪಾಲು ನೀರು ಎಂದಲ್ಲ. ಅದು ಆ ಕಂಪನಿ ಹಾಕಿಕೊಂಡ ಅಳತೆಪಟ್ಟಿ. ಕಾರ್ನಿಯೋಮೀಟರಿನ ಪಟ್ಟಿ 0ಯಿಂದ 120ರವರೆಗೆ, ಅಲ್ಲಿ ಶೇಕಡಾ ಲೆಕ್ಕವೇ ಇಲ್ಲ. ಗೆಳತಿಯ ಮೀಟರಿನ ಜೊತೆ ಪೈಪೋಟಿ ಬೇಡ.

ಹಾಗಾದರೆ ಇದರಿಂದ ಏನು ಉಪಯೋಗ? ಕ್ರೀಮು ಕೆಲಸ ಮಾಡುತ್ತಿದೆಯೇ ಎಂದು ನೋಡಬಹುದು. ಎರಡೂ ಕೈ ಅಳೆದುಕೊಳ್ಳಿ. ಎರಡು ವಾರ ಎಡಗೈಗೆ ಮಾತ್ರ ರಾತ್ರಿ ಹೊತ್ತು ಕ್ರೀಮು ಹಚ್ಚಿ, ಬಲಗೈ ಹಾಗೇ ಇರಲಿ. ಹಚ್ಚಿದ ತಕ್ಷಣ ಅಳೆದರೆ ಕ್ರೀಮಿನೊಳಗಿನ ನೀರೇ ಅಂಕಿಯಾಗಿ ಬರುತ್ತದೆ. ಮಾರನೇ ದಿನ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಎರಡೂ ಕೈ ಅಳೆದು ವ್ಯತ್ಯಾಸ ನೋಡಿ. ಕೊಬ್ಬರಿ ಎಣ್ಣೆಯದು ತದ್ವಿರುದ್ಧ. ಎಣ್ಣೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಹಚ್ಚಿದ ಕೂಡಲೇ ಅಂಕಿ ಕೆಳಗಿಳಿಯಬಹುದು. ಹಾಗಂತ ಅಜ್ಜಿಯ ಎಣ್ಣೆ ಬಾಟಲಿಯನ್ನು ಎಸೆಯಬೇಡಿ.