ಸೊಟ್ಟ ಬಿರುಕು ನೇರವಾದ ಕಥೆ: 7075 ಫೋರ್ಜಿಂಗ್‌ನ ಕೆ-ಒನ್-ಸಿ ಟೆಸ್ಟ್, ನನ್ನ ಅನುಭವ

ಪೀಣ್ಯದಲ್ಲಿ ನಮ್ಮದು ಎರಡೇ ಮೆಷಿನ್ ಇರುವ ಲ್ಯಾಬ್. ಕೆ-ಒನ್-ಸಿ ಅಂದರೆ ಬಿರುಕು ಬಿಟ್ಟ ಲೋಹ ಮುರಿಯದೆ ಎಷ್ಟು ತಡೆಯುತ್ತದೆ ಅನ್ನುವ ಅಳತೆ. ಸ್ಯಾಂಪಲ್‌ಗೆ ನಾಚ್ (ಸೀಳು) ಹಾಕಿ, ಲೋಡ್ ಮತ್ತೆ ಮತ್ತೆ ಕೊಟ್ಟು (ಫಟೀಗ್) ಸಣ್ಣ ಬಿರುಕು ಬೆಳೆಸಿ, ಆಮೇಲೆ ಎಳೆದು ಮುರಿಯುತ್ತೇವೆ; ಬಿರುಕು ಸೊಟ್ಟ ಬೆಳೆದರೆ ಟೆಸ್ಟ್ ಲೆಕ್ಕಕ್ಕಿಲ್ಲ. ಟಿ651 ಪ್ಲೇಟ್ ಬಂದರೆ ತಲೆನೋವಿಲ್ಲ; ಗಿರಣಿಯಲ್ಲೇ ಎಳೆದು ಒತ್ತಡ ಬಿಡಿಸಿದ ಮಾಲು, ಬಿರುಕು ಸ್ಕೇಲ್ ಇಟ್ಟ ಹಾಗೆ ಹೋಗುತ್ತದೆ. ಹೋದ ವರ್ಷ ಬಂದದ್ದು 7075 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ ಫೋರ್ಜಿಂಗ್ (ಬಡಿದು ರೂಪ ಕೊಟ್ಟ ಮಾಲು), ಬರೀ ಟಿ6, ಅಂದರೆ ಹದ ಮಾಡಿದ್ದಾರೆ, ಎಳೆದು ಒತ್ತಡ ಬಿಡಿಸಿಲ್ಲ. ಕಾಯಿಸಿ ತಟ್ಟನೆ ತಣಿಸಿದಾಗ ಹುಟ್ಟಿದ ಕ್ವೆಂಚ್ ಒತ್ತಡವೆಲ್ಲ ಒಳಗೇ ಕೂತಿತ್ತು.

ಮೊದಲ ಆರು ಸಿಟಿ (ಕಾಂಪ್ಯಾಕ್ಟ್ ಟೆನ್ಷನ್) ಸ್ಯಾಂಪಲ್, 25 ಮಿ.ಮೀ. ದಪ್ಪ, ಅಗಲ (ಡಬ್ಲ್ಯೂ) 50. 16 ಕಿಲೋನ್ಯೂಟನ್ ಆಸುಪಾಸಿನಲ್ಲಿ ಪಟ್ ಅಂತ ಮುರಿದವು. ಕೆ-ಕ್ಯೂ (ವ್ಯಾಲಿಡ್ ಅಂತ ಖಚಿತವಾಗುವ ಮುಂಚಿನ ಕೆ-ಒನ್-ಸಿ) 27, 28 ಎಂಪಿಎ ರೂಟ್ ಮೀಟರ್. ಖುಷಿಯಾಗಿ ಮುರಿದ ಮುಖ ತಿರುಗಿಸಿ ನೋಡಿದರೆ ಫಟೀಗ್ ಪಟ್ಟಿ ಒಂದು ಪಕ್ಕ ಮೂರು ಮಿ.ಮೀ. ಓಡಿದೆ, ಇನ್ನೊಂದು ಪಕ್ಕ ನಾಚ್ ಬಿಟ್ಟು ಕದಲಿಲ್ಲ. ಆರೂ ಇನ್‌ವ್ಯಾಲಿಡ್. ಮಿಲ್ಲಿಂಗ್, ವೈರ್‌ಕಟ್ ಸೇರಿ ಒಂದಕ್ಕೆ ಮೂರೂವರೆ ಸಾವಿರದಂತೆ ಇಪ್ಪತ್ತು ಸಾವಿರ ಹೋಯಿತು. ಗಿರಾಕಿ ಕೊಟ್ಟದ್ದು ಸೊನ್ನೆ.

"ನಿಮ್ಮ ಅಲೈನ್‌ಮೆಂಟ್ ಸರಿಯಿಲ್ಲ ಸಾರ್" ಅಂದರು ಎಲ್ಲರೂ. ನಂಬಿ ಸ್ಯಾಂಪಲ್ ಹಿಡಿಯುವ ಹೊಸ ಕ್ಲೆವಿಸ್ ಮಾಡಿಸಿದೆ, ನಲವತ್ತು ಸಾವಿರ. ಮತ್ತೆ ನಾಲ್ಕು ಸ್ಯಾಂಪಲ್, ಅದೇ ಸೊಟ್ಟ. ಸಿಟ್ಟಿಗೆ ಹಳೇ ಕ್ಲೆವಿಸ್ಸಿಗೇ ಒಂದು ಟಿ651 ತುಂಡು ಹಾಕಿದೆ. ನೇರ! ಅಂದರೆ ತಪ್ಪು ಕ್ಲೆವಿಸ್‌ನದ್ದಲ್ಲ, ಮಾಲಿನ ಒಳಗಿನ ಒತ್ತಡದ್ದು. ಈ ಕೆಲಸ ಮೊದಲೇ ಮಾಡಿದ್ದರೆ ನಲವತ್ತು ಸಾವಿರ ಉಳಿಯುತ್ತಿತ್ತು.

ಆಮೇಲೆ ಮೂರು ಬದಲಾವಣೆ. ಬ್ಲಾಕ್‌ನ ಮೂಲೆಯಿಂದ ಕತ್ತರಿಸುವುದು ಬಿಟ್ಟು, ಸ್ಯಾಂಪಲ್‌ನ ನಡು ಬ್ಲಾಕ್‌ನ ನಡುವಿಗೇ ಬರುವ ಹಾಗೆ ತೆಗೆದೆ. ನೇರ ನಾಚ್ ಬದಲು ಷೆವ್ರಾನ್ (ವಿ ಆಕಾರದ್ದು). ಫಟೀಗ್‌ಗೆ ಮುಂಚೆ ಸ್ಯಾಂಪಲ್ಲನ್ನು ಉಲ್ಟಾ ಒತ್ತಿದೆ. ಎಷ್ಟು ಒತ್ತಿದೆ, ಎಷ್ಟು ಸಲ ಅನ್ನುವುದನ್ನು ಬರೆಯುವುದಿಲ್ಲ. ಅದಕ್ಕೆ ನಾಲ್ಕು ಸ್ಯಾಂಪಲ್ ಬಲಿ ಕೊಟ್ಟಿದ್ದೇನೆ. ಉಲ್ಟಾ ಒತ್ತಿದರೆ ಬಿರುಕೇ ಹುಟ್ಟಲ್ಲ ಅಂತ ನಕ್ಕವರಿದ್ದರು. ಹುಟ್ಟಿತು, ಐವತ್ತು ಅರವತ್ತು ಸಾವಿರ ಸೈಕಲ್‌ನಲ್ಲಿ. ಕೊನೆಯ ಹಂತದ ಲೋಡ್ ಕೆ-ಕ್ಯೂನ ಅರವತ್ತು ಪರ್ಸೆಂಟ್ ಅನ್ನುವ ಮಿತಿಗಿಂತ ಸಾಕಷ್ಟು ಕೆಳಗಿಟ್ಟಿದ್ದೆ, ಅವಸರ ಮಾಡಲಿಲ್ಲ. ಐದರಲ್ಲಿ ನಾಲ್ಕು ವ್ಯಾಲಿಡ್. ಐದನೆಯದರಲ್ಲಿ ಬಿರುಕಿನ ಬಾಯಿ ಎಷ್ಟು ತೆರೆಯಿತು ಅಂತ ಅಳೆಯುವ ಕ್ಲಿಪ್ ಗೇಜ್ ಜಾರಿತು, ತಪ್ಪು ನನ್ನದೇ.

ಲೆಕ್ಕ ಹಾಕಿದರೆ ಈ ಆರ್ಡರ್‌ನಲ್ಲಿ ನಷ್ಟವೇ. ಆದರೆ ಅಲೈನ್‌ಮೆಂಟ್ ಪಾಠ ಹೇಳಿದ ಒಬ್ಬರು ಈಗ ತಮ್ಮ ಫೋರ್ಜಿಂಗ್ ಇಲ್ಲಿಗೇ ಕಳಿಸುತ್ತಾರೆ. ರೇಟ್ ಇಳಿಸಲಿಲ್ಲ.

ಮಧ್ಯೆ ಚಪಲಕ್ಕೆ 2024-ಟಿ351 ಅನ್ನುವ ಇನ್ನೊಂದು ಅಲ್ಯೂಮಿನಿಯಂ ಮಿಶ್ರಲೋಹದ ತುಂಡೊಂದನ್ನೂ ಎಳೆದೆ. 36 ಬಂತು, ಬಿರುಕು ಚೊಕ್ಕ, ಆದರೂ ಇನ್‌ವ್ಯಾಲಿಡ್: ಯೀಲ್ಡ್ (ಲೋಹ ಶಾಶ್ವತವಾಗಿ ಹಿಗ್ಗಲು ಶುರುವಾಗುವ ಒತ್ತಡ) 325 ಎಂಪಿಎ ಇರುವ ಮಾಲಿಗೆ 25 ಮಿ.ಮೀ. ಸಾಲದು, ಮೂವತ್ತರ ಮೇಲೆ ಬೇಕು. ನಲವತ್ತರ ಪ್ಲೇಟ್ ತುಂಡಿಗಾಗಿ ಗುಜರಿ ಅಂಗಡಿಯವರಿಗೆ ಹೇಳಿಟ್ಟಿದ್ದೇನೆ.